ಲೀಗ್‌ನ ಅತ್ಯುತ್ತಮ ಆಟಗಾರ: ಗೋಲು ಹೊಡೆದವನೋ, ಗೋಲು ಹುಟ್ಟಿಸಿದವನೋ?

ಕಾರವಾರದಲ್ಲೋ ಶಿರಸಿಯಲ್ಲೋ ಹಾಕಿ ಲೀಗ್ ನಡೆಸಿ, ಕೊನೆಗೆ ಒಬ್ಬನಿಗೆ ಟ್ರೋಫಿ ಕೊಡಬೇಕಾದವರಿಗೆ ಇದು.

ಗೋಲು ಹೊಡೆದವನ ಲೆಕ್ಕ ಸುಲಭ. ಪ್ಯಾರಿಸ್ 2024 ಒಲಿಂಪಿಕ್ಸ್‌ನಲ್ಲಿ ಭಾರತದ ಹರ್ಮನ್‌ಪ್ರೀತ್ ಸಿಂಗ್ 10 ಗೋಲು ಹೊಡೆದರು, ಆ ವರ್ಷ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ವರ್ಷದ ಆಟಗಾರರಾದರು. ಅದು ನ್ಯಾಯವೇ. ಆದರೆ ಪೆನಾಲ್ಟಿ ಕಾರ್ನರ್ (ಎದುರಾಳಿಯ ತಪ್ಪಿಗೆ ಗೋಲಿನ ಬಳಿ ಸಿಗುವ ಅವಕಾಶ) ಗೋಲು ಒಬ್ಬನದಲ್ಲ. ಚೆಂಡು ತಳ್ಳಿದವನು, ನಿಲ್ಲಿಸಿದವನು, ಅದಕ್ಕೂ ಮೊದಲು ಗೋಲಿನ ಮುಂದಿನ ಸರ್ಕಲ್‌ನೊಳಗೆ ನುಗ್ಗಿ ಕಾರ್ನರ್ ಗಳಿಸಿದವನು ಇವರೆಲ್ಲರ ಪಾಲಿದೆ. ಸ್ಕೋರ್ ಪಟ್ಟಿಯಲ್ಲಿ ಇವರ ಹೆಸರೇ ಇರುವುದಿಲ್ಲ, ಅಲ್ವಾ?

ಮಿಡ್‌ಫೀಲ್ಡರ್ ಅಲ್ಲೇ ಕಾಣೆಯಾಗುತ್ತಾನೆ. 2023ರಲ್ಲಿ ಅದೇ ಪ್ರಶಸ್ತಿ ಮಿಡ್‌ಫೀಲ್ಡರ್ ಹಾರ್ದಿಕ್ ಸಿಂಗ್‌ಗೆ ಸಿಕ್ಕಿತ್ತು. ನಮ್ಮ ಕಡೆ ಇಂಥವರಿಗೆ ಇನ್ನೂ ಜಾಸ್ತಿ ಬೆಲೆ ಕೊಡಬೇಕು. ಟರ್ಫ್ ಇಲ್ಲದ ಮಣ್ಣಿನ ಮೈದಾನದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೋ ಹೇಳಲಾಗದು. ಅಂಥ ಕಡೆ ಚೆಂಡು ಹಿಡಿದು, ತಲೆಯೆತ್ತಿ ನೋಡಿ, ಸರಿಯಾಗಿ ಪಾಸ್ ಕೊಡುವುದು ದೊಡ್ಡ ಕೈಚಳಕ.

ಗೋಲ್‌ಕೀಪರ್? ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನಲ್ಲಿ ಒಬ್ಬ ಆಟಗಾರ ರೆಡ್ ಕಾರ್ಡ್ ಪಡೆದು ಹೊರಬಿದ್ದ ಮೇಲೆ 10 ಜನರ ಭಾರತವನ್ನು ಗೋಲ್‌ಕೀಪರ್ ಶ್ರೀಜೇಶ್ ಉಳಿಸಿದ್ದನ್ನು ಮರೆಯಲಾಗದು. ಫೆಡರೇಷನ್ ಗೋಲ್‌ಕೀಪರ್‌ಗೆ ಬೇರೆ ಪ್ರಶಸ್ತಿಯನ್ನೇ ಇಟ್ಟಿದೆ. ನೀವೂ ಹಾಗೇ ಮಾಡಿ.

ಒಂದೇ ಟ್ರೋಫಿ ಇದ್ದರೆ ನನ್ನ ಮತ ಮಿಡ್‌ಫೀಲ್ಡರ್‌ಗೆ. ಫೀಲ್ಡ್ ಗೋಲುಗಳನ್ನೇ (ಪೆನಾಲ್ಟಿ ಇಲ್ಲದೆ, ನಡೆಯುತ್ತಿರುವ ಆಟದಲ್ಲೇ ಹೊಡೆದವು) ಹೆಚ್ಚಾಗಿ, ಅದೂ ಬಲವಾದ ತಂಡಗಳ ಎದುರು ಹೊಡೆದ ಫಾರ್ವರ್ಡ್ ಇದ್ದರೆ ಮಾತ್ರ ಅವನಿಗೆ ಕೊಡಿ. ಸುಮ್ನೆ ಗೋಲು ಎಣಿಸಬೇಡಿ. ಪ್ರತಿ ಪಂದ್ಯದಲ್ಲೂ ಕಾರ್ನರ್ ಗಳಿಸಿದವರ ಹೆಸರನ್ನೂ ಬರೆದಿಡಿ.