ನೆಲಮಾಳಿಗೆಯ ಚಾರ್ಜರ್: ಕರೆಂಟು ಯಾರದು, ಬಿಲ್ಲು ಯಾರಿಗೆ?

ನಮ್ಮ ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ವಿದ್ಯುತ್ ವಾಹನಗಳಿಗೆಂದು ಹಂಚಿಕೆಯ ಚಾರ್ಜರ್‌ಗಳನ್ನು ನಡೆಸುತ್ತಿರುವ ಕಂಪನಿಯ ಸೇವೆ ಕುರಿತ ವಿಮರ್ಶೆಯಿದು. ಇದರ ಲೆಕ್ಕ ಚೊಕ್ಕವಾಗಿದೆ, ನನಗೆ ಅದೇ ಮುಖ್ಯ.

ಇದು ಬರುವ ಮುನ್ನ ಕಾರಿನವರು ಗೋಡೆಯ ಸಾಕೆಟ್ಟಿಗೇ ತಂತಿ ಸಿಕ್ಕಿಸುತ್ತಿದ್ದರು. ಆ ಸಾಕೆಟ್ಟು ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳ ಸಾಮಾನ್ಯ ಮೀಟರಿಗೆ ಸೇರಿದ್ದು. ಬಿಲ್ಲು ಎಲ್ಲ ಮನೆಗಳಿಗೂ ಸಮನಾಗಿ ಬೀಳುತ್ತಿತ್ತು. ಎರಡನೇ ಮಹಡಿಯ ಅಜ್ಜಿಯ ಬಳಿ ಸೈಕಲ್ಲೂ ಇಲ್ಲ. ಬೇರೆಯವರ ಕಾರಿನ ಓಡಾಟಕ್ಕೆ ಅವರೂ ಹಣ ಕಟ್ಟುತ್ತಿದ್ದರು. ಸಭೆಯಲ್ಲಿ ಅವರು ಅದನ್ನೇ ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ.

ಈಗ ಕಾರಿರುವ ಮನೆಗೊಂದು ಕಾರ್ಡು. ಅದನ್ನು ತಾಗಿಸಿದರೆ ಮಾತ್ರ ವಿದ್ಯುತ್ ಹರಿಯುತ್ತದೆ, ಚಾರ್ಜರಿನೊಳಗಿನ ಮೀಟರು ಯೂನಿಟ್ ಎಣಿಸುತ್ತದೆ. ಕಂಪನಿ ಮೊದಲು ಮುಂದಿಟ್ಟದ್ದು ನಿಮಿಷದ ದರವನ್ನು. ಪಟ್ಟು ಹಿಡಿದು ಬೇಡವೆಂದೆವು. ಚಾರ್ಜರು 7.4 ಕಿಲೋವಾಟ್ ಕೊಡಬಲ್ಲದು ನಿಜ, ಆದರೆ ಎಷ್ಟು ಎಳೆದುಕೊಳ್ಳಬಹುದೆಂಬುದು ಗೋಡೆಯ ಎಸಿ ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿಸಿಯಾಗಿಸುವ, ಕಾರಿನೊಳಗಿನ ಪರಿವರ್ತಕದ ಸಾಮರ್ಥ್ಯಕ್ಕೆ ಬಿಟ್ಟದ್ದು. ನನ್ನ ಕಾರಿನದು 3.3 ಕಿಲೋವಾಟ್. ಹತ್ತು ಯೂನಿಟ್ ತುಂಬಲು, ಪೂರ್ತಿ 7.4 ಎಳೆದುಕೊಳ್ಳುವ ಪಕ್ಕದ ಮನೆಯ ಕಾರಿಗೆ ಸುಮಾರು 80 ನಿಮಿಷ ಸಾಕು, ನನ್ನದಕ್ಕೆ ಮೂರು ಗಂಟೆ ಬೇಕು. ಅಷ್ಟೇ ವಿದ್ಯುತ್ತಿಗೆ ಎರಡು ಪಟ್ಟಿಗೂ ಹೆಚ್ಚು ಹಣ ತೆರುವುದು ಯಾವ ನ್ಯಾಯ?

ಬಿಲ್ಲಿನ ಯೂನಿಟ್ಟಿಗೂ ಕಾರಿನ ಪರದೆಯ ಅಂಕಿಗೂ ತಾಳೆಯಾಗುವುದಿಲ್ಲ ಎಂದು ಕೆಲವರು ಜಗಳಕ್ಕೆ ಬಂದರು. ಎಸಿ ವಿದ್ಯುತ್ತು ಡಿಸಿ ಆಗಿ ಬ್ಯಾಟರಿ ಸೇರುವಷ್ಟರಲ್ಲಿ ಶೇ 10ರ ಆಸುಪಾಸು ಶಾಖವಾಗಿ ಹೋಗುವುದು ಸಹಜ. ಅದನ್ನೂ ಕಾರಿನವರೇ ಭರಿಸಬೇಕು. ಇಲ್ಲವಾದರೆ ಅದು ಮತ್ತೆ ಅಜ್ಜಿಯ ತಲೆಗೇ ಬರುತ್ತದೆ.

ಕೊರತೆಗಳೂ ಇವೆ. ಯಾವ ಕಾರೂ ಇಲ್ಲದಾಗ ಚಾರ್ಜರುಗಳು ಬಳಸುವ ಅಲ್ಪ ವಿದ್ಯುತ್ತು ಇಂದಿಗೂ ಸಾಮಾನ್ಯ ಮೀಟರಿನಲ್ಲೇ ಓಡುತ್ತಿದೆ. ಬರೆದು ಕೇಳಿದರೆ 'ನಗಣ್ಯ ಮೊತ್ತ' ಎಂಬ ಉತ್ತರ ಬಂತು. ನಗಣ್ಯವಾದರೆ ಕಂಪನಿಯೇ ಕಟ್ಟಲಿ! ಇನ್ನೊಂದು ತೊಡಕು ಮೇಲಿನ ಮನೆಯವರದು: ಅವರಿಗೆ ಕಚೇರಿ ಕೊಟ್ಟ ಕಾರೊಂದು, ಸ್ವಂತದ ಸ್ಕೂಟರೊಂದು, ಎರಡಕ್ಕೂ ಒಂದೇ ಕಾರ್ಡು. ಬಿಲ್ಲಿನಲ್ಲಿ ತಿಂಗಳ ಒಟ್ಟು ಮೊತ್ತ ಮಾತ್ರ ಇರುವುದರಿಂದ ಕಾರಿನ ಪಾಲನ್ನು ಕಚೇರಿಗೆ ತೋರಿಸಿ ಹಣ ಹಿಂಪಡೆಯಲು ಅವರಿಗೆ ಆಗುತ್ತಿಲ್ಲ. ಎರಡನೇ ಕಾರ್ಡು ಕೇಳಿದ್ದಾರೆ, ಇನ್ನೂ ಬಂದಿಲ್ಲ.

ಐದರಲ್ಲಿ ನಾಲ್ಕು ನಕ್ಷತ್ರ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನೀವು ಯೂನಿಟ್ ದರವನ್ನೂ, ದಿನಾಂಕವಾರು ವಿವರವಿರುವ ಬಿಲ್ಲನ್ನೂ ಬರವಣಿಗೆಯಲ್ಲೇ ಪಡೆಯಿರಿ.