ಮಾಟುಂಗದ ಕರಿಬೇವಿನ ಎಣ್ಣೆ: ಹನ್ನೆರಡು ವಾರ ಹಚ್ಚಿಕೊಂಡ ಮೇಲೆ

ಮುಂಬಯಿಯ ಮಾಟುಂಗ ಪೂರ್ವದ ಮಾರುಕಟ್ಟೆಯಲ್ಲಿ ಬಾಳೆಯೆಲೆ, ನುಗ್ಗೆಕಾಯಿ, ಸುವರ್ಣಗಡ್ಡೆಗಳ ನಡುವೆ ಕರಿಬೇವಿನ ಕಂತೆಗಳನ್ನು ನೀರು ಚಿಮುಕಿಸಿ ಜೋಡಿಸಿಡುವ ಹಳೆಯ ಅಂಗಡಿಯೊಂದಿದೆ. ಡೊಂಬಿವಲಿಯ ನಮ್ಮ ತರಕಾರಿಯವನು ಕೊತ್ತಂಬರಿಯ ಜೊತೆ ಪುಕ್ಕಟೆಯಾಗಿ ತುರುಕುವ ಬಾಡಿದ ಕಡಿಪತ್ತಾದಿಂದ ಒಗ್ಗರಣೆಗೆ ಪರಿಮಳವೇ ಬರುವುದಿಲ್ಲವಾದ್ದರಿಂದ, ತಿಂಗಳಿಗೊಮ್ಮೆ ಲೋಕಲ್ ಹಿಡಿದು ಅಲ್ಲಿಗೆ ಹೋಗುವುದು ನನಗೆ ಬಹಳ ವರ್ಷಗಳ ರೂಢಿ. ಈಗ ಅಂಗಡಿಯವರು ತಾವೇ ಕಾಯಿಸಿದ ಕರಿಬೇವಿನ ತಲೆಎಣ್ಣೆಯನ್ನೂ ಮಾರತೊಡಗಿದ್ದಾರೆ. 200 ಮಿಲಿಲೀಟರಿಗೆ 320 ರೂಪಾಯಿ. ಹನ್ನೆರಡು ವಾರ, ವಾರಕ್ಕೆ ಎರಡು ಸಲದಂತೆ ಹಚ್ಚಿಕೊಂಡು ನೋಡಿದ್ದೇನೆ.

ಎಣ್ಣೆಯಾಗಿ ಇದು ಒಳ್ಳೆಯದು ಎಂಬುದನ್ನು ಮೊದಲೇ ಹೇಳಬೇಕು. ಕೊಬ್ಬರಿ ಎಣ್ಣೆಯಲ್ಲಿ ಎಲೆ ಗರಿಗರಿಯಾಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದ್ದಾರೆ. ಬಣ್ಣ ಗಾಢ ಹಸಿರು, ಕರಕಲು ವಾಸನೆ ಇಲ್ಲ, ಕೃತಕ ಸುಗಂಧವನ್ನೂ ಬೆರೆಸಿಲ್ಲ. ಪುಣೆಯಲ್ಲಿರುವ ಅಕ್ಕನಿಗೆ ಕೊಟ್ಟ ಬಾಟಲಿ ಡಿಸೆಂಬರಿನಲ್ಲಿ ಪೂರ್ತಿ ಹೆಪ್ಪುಗಟ್ಟಿದಾಗ ಅವಳು ದೂರಿದಳು, ನನಗೆ ಮಾತ್ರ ನೆಮ್ಮದಿಯಾಯಿತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗೆ ಗಟ್ಟಿಯಾಗುತ್ತದೆ. ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್ ಧಾರಾಳವಾಗಿ ಬೆರೆತಿದ್ದರೆ ಅಷ್ಟು ಸಲೀಸಾಗಿ ಹೆಪ್ಪುಗಟ್ಟುತ್ತಿರಲಿಲ್ಲ.

ಮೂರನೆಯ ವಾರದ ಹೊತ್ತಿಗೆ ಬಾಚಣಿಗೆಯಲ್ಲಿ ತುಂಡುಕೂದಲು ಕಡಿಮೆಯಾಯಿತು. ಇದರ ಶ್ರೇಯಸ್ಸನ್ನು ಕರಿಬೇವಿಗೆ ಕೊಡಲು ಮನಸ್ಸು ಹಾತೊರೆಯುತ್ತದೆ, ಆದರೆ ಅದು ಬಹುಪಾಲು ಕೊಬ್ಬರಿ ಎಣ್ಣೆಗೇ ಸಲ್ಲಬೇಕು. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಎಳೆಯೊಳಗೆ ಇಳಿದು, ತೊಳೆಯುವಾಗ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸುತ್ತದೆಂದೂ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್‌ಗಳಿಗೆ ಆ ಗುಣವಿಲ್ಲವೆಂದೂ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆ ಅಧ್ಯಯನ ನಡೆಸಿದವರು ಇದೇ ಮುಂಬಯಿಯ ಮ್ಯಾರಿಕೋ ಕಂಪನಿಯ ಸಂಶೋಧಕರು. ಕೊಬ್ಬರಿ ಎಣ್ಣೆ ಮಾರುವವರೇ ಅದನ್ನು ಮೆಚ್ಚಿಕೊಂಡರು ಎಂಬುದನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ನನ್ನ ತಕರಾರು ಇರುವುದು ಬಾಟಲಿಗೆ ಅಂಟಿಸಿದ ಚೀಟಿಯ ಮೇಲಿನ ಮಾತುಗಳ ಬಗ್ಗೆ. ನರೆ ಮಾಯವಾಗುತ್ತದೆ, ಬೋಳುತಲೆಯಲ್ಲಿ ಕೂದಲು ಚಿಗುರುತ್ತದೆ, ಹೊಟ್ಟು ಹೋಗುತ್ತದೆ ಎಂದು ಮೂರು ಭರವಸೆಗಳನ್ನು ಅಚ್ಚು ಹಾಕಿಸಿದ್ದಾರೆ. ಕೂದಲಿಗೆ ಬಣ್ಣ ಬರುವುದು ಬುಡದಲ್ಲಿರುವ ಜೀವಕೋಶಗಳಿಂದ. ನೆತ್ತಿಯಿಂದ ಹೊರಬಂದ ಬಿಳಿ ಎಳೆಗೆ ಎಷ್ಟು ಎಣ್ಣೆ ಹಚ್ಚಿದರೂ ಅದು ಹೊಳೆಯುವ ಬಿಳಿ ಎಳೆಯಾಗಿಯೇ ಉಳಿಯುತ್ತದೆ, ನನ್ನ ಬೈತಲೆಯೇ ಇದಕ್ಕೆ ಸಾಕ್ಷಿ. ಕರಿಬೇವಿನಲ್ಲಿ ಮಹಾನಿಂಬಿನ್ ಮೊದಲಾದ ಕಾರ್ಬಜೋಲ್ ಆಲ್ಕಲಾಯ್ಡುಗಳೆಂಬ ಸಸ್ಯಜನ್ಯ ರಾಸಾಯನಿಕಗಳಿರುವುದು ನಿಜ, ಅವುಗಳ ಮೇಲೆ ಪ್ರಯೋಗಾಲಯಗಳಲ್ಲಿ ಕೆಲಸ ನಡೆದಿರುವುದೂ ನಿಜ. ಆದರೆ ಗಾಜಿನ ತಟ್ಟೆಯಲ್ಲಿ ಕಂಡ ಗುಣ ಮನುಷ್ಯನ ನೆತ್ತಿಯ ಮೇಲೂ ಕಾಣಬೇಕಷ್ಟೆ. ಇನ್ನೊಂದು ಅಡುಗೆಸೊಪ್ಪಾದ ರೋಸ್‌ಮೆರಿಯ ಎಣ್ಣೆಯನ್ನು 2015ರಲ್ಲಿ ನೂರು ಮಂದಿಯ ಅಧ್ಯಯನವೊಂದರಲ್ಲಿ ಕೂದಲು ಬೆಳೆಯಲು ಹಚ್ಚುವ ಔಷಧವಾದ 2% ಮಿನಾಕ್ಸಿಡಿಲ್ ಜೊತೆ ಹೋಲಿಸಲಾಗಿತ್ತು. ಅಲ್ಲಿಯೂ ಮೂರು ತಿಂಗಳಿಗೆ ವ್ಯತ್ಯಾಸ ಕಾಣದೆ, ಆರು ತಿಂಗಳಿಗೆ ಎರಡೂ ಗುಂಪುಗಳಲ್ಲಿ ಕೂದಲು ಹೆಚ್ಚಿತು. ಹಾಗಿರುವಾಗ ಈ ಚೀಟಿಯಲ್ಲಿರುವ ‘21 ದಿನಗಳಲ್ಲಿ ಫಲಿತಾಂಶ’ ಎಲ್ಲಿಂದ ಬಂತೋ ತಿಳಿಯದು.

ಹೊಟ್ಟಿನ ವಿಷಯದಲ್ಲಂತೂ ಭರವಸೆ ತಿರುಗುಬಾಣವಾಗಬಹುದು. ಹೊಟ್ಟಿನ ಹಿಂದಿರುವ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೆ ಕೊಬ್ಬಿನಾಮ್ಲಗಳೇ ಆಹಾರ. ರಾತ್ರಿಯಿಡೀ ಎಣ್ಣೆ ಬಿಟ್ಟುಕೊಂಡ ಎರಡು ವಾರ ನನಗೆ ತುರಿಕೆ ಹೆಚ್ಚಿತು, ಸ್ನಾನಕ್ಕೆ ಒಂದು ಗಂಟೆ ಮೊದಲಷ್ಟೇ ಹಚ್ಚತೊಡಗಿದ ಮೇಲೆ ನಿಂತಿತು. ಈ ಎಚ್ಚರಿಕೆ ಚೀಟಿಯಲ್ಲಿಲ್ಲ. ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿಯ ಸಂಖ್ಯೆ, ಎಷ್ಟು ದಿನ ಬಳಸಬಹುದೆಂಬ ತಾರೀಖುಗಳೂ ಇಲ್ಲ. ಕೇಳಿದಾಗ ಗಲ್ಲಾದಲ್ಲಿದ್ದ ಹಿರಿಯರು, “ಮನೆಯ ಎಣ್ಣೆ ಅಮ್ಮಾ, ಇದಕ್ಕೆಲ್ಲ ತಾರೀಖು ಯಾಕೆ?” ಎಂದು ನಕ್ಕರು. ಹತ್ತನೆಯ ವಾರಕ್ಕೆ ತಳದ ಎಣ್ಣೆ ಕಮಟು ವಾಸನೆ ಬಂದಾಗ ತಾರೀಖು ಯಾಕೆಂಬುದು ನನಗಂತೂ ತಿಳಿಯಿತು. ಎಲೆಯಲ್ಲಿ ತೇವ ಉಳಿದಿರುವಾಗಲೇ ಎಣ್ಣೆಗೆ ಹಾಕಿದರೆ ಹೀಗಾಗುತ್ತದೆ.

ಜೊತೆಗೆ ಮಾರುವ ಕರಿಬೇವಿನ ಮುಖಲೇಪದ ಪುಡಿಯನ್ನು ಕೊಳ್ಳಬೇಡಿ. ತರಿತರಿಯಾಗಿದ್ದು ಚರ್ಮ ಕೆರೆಯುತ್ತದೆ. ನಾನು ಉಳಿದದ್ದನ್ನು ಮೊಸರಿಗೆ ಬೆರೆಸುವ ಬದಲು ಗಿಡಕ್ಕೆ ಹಾಕಿದೆ.

ಇನ್ನೊಮ್ಮೆ ಕೊಳ್ಳುವೆನೇ ಎಂದರೆ, 100 ಮಿಲಿಲೀಟರಿನ ಬಾಟಲಿ ಬಂದರೆ ಕೊಳ್ಳುವೆ. ಅಲ್ಲಿಯವರೆಗೆ ಅದೇ ಅಂಗಡಿಯ 20 ರೂಪಾಯಿಯ ಕಂತೆ ತಂದು, ಔಷಧಿ ಹೊಡೆದಿರಬಹುದೆಂದು ಎರಡು ಸಲ ತೊಳೆದು, ಬಟ್ಟೆಯ ಮೇಲೆ ರಾತ್ರಿಯಿಡೀ ಆರಿಸಿ, ಅರ್ಧವನ್ನು ಎಣ್ಣೆಗೂ ಅರ್ಧವನ್ನು ಚಟ್ನಿಪುಡಿಗೂ ಹಾಕುತ್ತಿದ್ದೇನೆ.