ಸ್ಕೈರಿಮ್‌ನಲ್ಲಿ ಯಾವ ಪಂಥವನ್ನು ಸೇರಬೇಕು: ನಾಲ್ಕನ್ನೂ ಸೇರಿ ನೋಡಿದವನ ಹೋಲಿಕೆ

ಸ್ಕೈರಿಮ್ ಎಂಬ ವಿಡಿಯೋ ಆಟದಲ್ಲಿ ಒಂದೇ ಪಾತ್ರವನ್ನು ಹಿಡಿದುಕೊಂಡು ಹೆಚ್ಚುಕಡಿಮೆ ಎಲ್ಲ ಪಂಥಗಳಿಗೂ ಸೇರಿಬಿಡಬಹುದು. ಬೆಳಿಗ್ಗೆ ತೋಳಮಾನವನಾಗಿ, ಮಧ್ಯಾಹ್ನ ಮೌನಿಗಳ ಶಿಷ್ಯನಾಗಿ, ಸಂಜೆಗೆ ರಕ್ತಪಿಶಾಚಿಗಳ ಬೇಟೆಗಾರನಾಗಿ ತಿರುಗಿದರೂ ಆಟ ಅಡ್ಡಿಪಡಿಸುವುದಿಲ್ಲ. ಮೊದಲ ಸಲ ನಾನೂ ಹಾಗೆಯೇ ಆಡಿದೆ. ಯಾವುದರ ರುಚಿಯೂ ನಾಲಿಗೆಗೆ ಹತ್ತಲಿಲ್ಲ. ಆದ್ದರಿಂದ ಎರಡನೆಯ ಸುತ್ತಿನಲ್ಲಿ ಮೂರು ಬೇರೆ ಪಾತ್ರಗಳನ್ನು ಕಟ್ಟಿಕೊಂಡೆ: ಒಂದು ಕಂಪ್ಯಾನಿಯನ್ಸ್ ಎಂಬ ಯೋಧರ ಪಡೆಗೆ, ಇನ್ನೊಂದು ಮುಖ್ಯ ಕಥೆಯಲ್ಲಿ ಒಬ್ಬರಿಗೊಬ್ಬರು ಎದುರಾಗುವ ಗ್ರೇಬಿಯರ್ಡ್ಸ್ ಎಂಬ ಮಠದ ಮೌನಿಗಳು ಮತ್ತು ಬ್ಲೇಡ್ಸ್ ಎಂಬ ಡ್ರ್ಯಾಗನ್ ಬೇಟೆಗಾರರು ಇಬ್ಬರಿಗೂ, ಮೂರನೆಯದು 2012ರ ವಿಸ್ತರಣೆಯಲ್ಲಿ ಬಂದ, ರಕ್ತಪಿಶಾಚಿಗಳನ್ನು ಬೇಟೆಯಾಡುವ ಡಾನ್‌ಗಾರ್ಡ್‌ಗೆ. ಅಳೆಯಲು ಇಟ್ಟುಕೊಂಡ ಗಜಕಡ್ಡಿ ಒಂದೇ. ಸಿಗುವ ಆಯುಧ, ಕವಚಗಳ ಲೆಕ್ಕವನ್ನು ಯಾರು ಬೇಕಾದರೂ ಪಟ್ಟಿ ಮಾಡಿಯಾರು. ಪಂಥವು ಸೇರಿದವನಿಂದ ಏನನ್ನು ಕೇಳುತ್ತದೆ ಎನ್ನುವುದನ್ನು ಮಾತ್ರ ನಾನು ನೋಡಿದೆ.

ನಾಲ್ಕರಲ್ಲಿ ನಾರ್ಸ್, ಎಂದರೆ ಹಳೆಯ ಸ್ಕ್ಯಾಂಡಿನೇವಿಯಾದ, ಮಣ್ಣಿನಲ್ಲೇ ಬೇರೂರಿರುವುದು ಕಂಪ್ಯಾನಿಯನ್ಸ್ ಒಂದೇ ಎಂದು ನನ್ನ ಅಭಿಪ್ರಾಯ. ವೈಟ್‌ರನ್ ಪಟ್ಟಣದಲ್ಲಿರುವ ಅವರ ಯೋರ್ವಾಸ್ಕರ್ ಭವನಕ್ಕೆ ಹಡಗೊಂದನ್ನು ಬೋರಲು ಹಾಕಿದಂಥ ಸೂರು. ಒಳಗೆ ಉದ್ದನೆಯ ಅಗ್ಗಿಷ್ಟಿಕೆ, ಅದರ ಸುತ್ತ ಊಟದ ಮೇಜುಗಳು, ಜೇನುಮದ್ಯ, ದಿನಕ್ಕೊಂದು ಗುದ್ದಾಟ. ಐಸ್ಲೆಂಡಿನ ಹಳೆಯ ಬರಹಗಳಲ್ಲಿ ಓಡಿನ್ ದೇವನ ಯೋಧರು ಕವಚವಿಲ್ಲದೆ, ಗುರಾಣಿ ಕಚ್ಚುತ್ತ, ತೋಳಗಳಂತೆ ಹುಚ್ಚೆದ್ದು ಕಾದುತ್ತಿದ್ದರೆಂದು ಬರುತ್ತದೆ. ತೋಳದ ತೊಗಲು ಹೊದ್ದು ಯುದ್ಧಕ್ಕಿಳಿಯುವ ಉಲ್ಫ್‌ಹೆಡ್ನರ್ ಎಂಬವರ ಪ್ರಸ್ತಾಪವೂ ಇದೆ. ಆಟ ಆ ರೂಪಕವನ್ನು ಅಕ್ಷರಶಃ ಹಿಡಿದುಕೊಂಡು, ಪಡೆಯ ಒಳವಲಯದವರನ್ನು ನಿಜವಾಗಿಯೂ ತೋಳಗಳನ್ನಾಗಿ ಮಾಡಿದೆ.

ಸೇರುವುದು ಸುಲಭ. ಹಿತ್ತಲಿನ ಗರಡಿಯಲ್ಲಿ ಒಳವಲಯದ ವಿಲ್ಕಾಸ್‌ನ ಗುರಾಣಿಗೆ ನಾಲ್ಕೇಟು ಹಾಕಿದರೆ ಸಾಕು. ಆಮೇಲೆ ಅವನು ತನ್ನ ಕತ್ತಿಯನ್ನು ಸಾಣೆ ಹಿಡಿಸಿಕೊಂಡು ಬಾ ಎಂದು ಮೇಲಿನ ಕುಲುಮೆಗೆ ಅಟ್ಟುತ್ತಾನೆ, ಅಲ್ಲಿ ಮುದುಕ ಯೋರ್ಲಂಡ್ ಅದನ್ನು ಇಟ್ಟುಕೊಂಡು, ಪಡೆಯ ಬೇಟೆಗಾತಿ ಏಲಾಳ ಗುರಾಣಿಯನ್ನು ಕೈಗಿಡುತ್ತಾನೆ. ಹೊಸಬನೆಂದರೆ ಹೊರೆ ಹೊರುವವನು ಎಂಬ ಈ ಸಣ್ಣ ಅವಮಾನ ನನಗೆ ಬಹಳ ಹಿಡಿಸಿತು. ಉಳಿದ ಯಾವ ಪಂಥವೂ ನನ್ನನ್ನು ಇಷ್ಟು ಸಹಜವಾಗಿ ಕಿರಿಯನನ್ನಾಗಿ ನಡೆಸಿಕೊಳ್ಳಲಿಲ್ಲ. ಆದರೆ ಕಿರಿತನ ಬಾಳುವುದು ಎರಡು ದಿನ ಮಾತ್ರ. ಮುಖ್ಯ ಕಾರ್ಯಗಳು ಒಟ್ಟು ಆರು. ಆರನೆಯದು ಮುಗಿಯುವಷ್ಟರಲ್ಲಿ ಹಿರಿಯ ಕೋಡ್ಲಾಕ್ ಸತ್ತು, ನಾನೇ ಹಾರ್ಬಿಂಜರ್, ಎಂದರೆ ಪಡೆಯ ಮುಖ್ಯಸ್ಥ, ಆಗಿ ಕುಳಿತಿದ್ದೆ. ಅಷ್ಟಾದ ಮೇಲೂ ವಿಲ್ಕಾಸ್‌ನ ಸೋದರ ಫರ್ಕಾಸ್ ಬಂದು, ಊರಿನ ಯಾರಿಗೋ ನಾಲ್ಕು ಗುದ್ದಿ ಬುದ್ಧಿ ಹೇಳಿ ಬಾ ಎಂದು ಕಳಿಸುತ್ತಾನೆ. ಇಲ್ಲಿ ಯಾರೂ ಯಾರಿಗೂ ಒಡೆಯರಲ್ಲ ಎಂಬುದು ಪಡೆಯ ತತ್ತ್ವವೇ ಆದರೂ, ಮುಖ್ಯಸ್ಥನಾಗಿ ಈ ಕೆಲಸಕ್ಕೆ ಹೊರಡುವಾಗ ಮುಜುಗರ ತಪ್ಪಲಿಲ್ಲ.

ಕಂಪ್ಯಾನಿಯನ್ಸ್ ಕೇಳುವ ಬೆಲೆ ನಡುವಿನಲ್ಲಿದೆ, ಅದೂ ಬಾಯಿಬಿಟ್ಟು ಹೇಳದೆ. ಒಂದು ರಾತ್ರಿ ಕುಲುಮೆಯ ಕೆಳಗಿನ ಗುಹೆಗೆ ಕರೆದೊಯ್ದು, ತೋಳರೂಪದಲ್ಲಿರುವ ಏಲಾಳ ರಕ್ತ ತುಂಬಿದ ಕಲ್ಲಿನ ಬೋಗುಣಿಯ ಮುಂದೆ ನಿಲ್ಲಿಸುತ್ತಾರೆ. ಕುಡಿಯಲಾರೆ ಎನ್ನುವ ದಾರಿಯೇ ಇಲ್ಲ. ಕುಡಿಯದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ. ಕುಡಿದ ಮೇಲೆ ರೋಗಗಳು ತಾಗುವುದಿಲ್ಲ, ಆದರೆ ಮಲಗಿದ್ದರಿಂದ ಸಿಗುವ ವಿಶ್ರಾಂತಿಯ ಲಾಭವೂ ಇಲ್ಲ. ತೋಳರೂಪ ನಿಲ್ಲುವುದು ಎರಡೂವರೆ ನಿಮಿಷ, ಒಂದೊಂದು ಹೆಣ ತಿಂದಾಗ ಅರ್ಧ ನಿಮಿಷ ಹೆಚ್ಚು. ಜನರ ಕಣ್ಣೆದುರು ರೂಪ ಬದಲಿಸಿದರೆ ತಲೆಯ ಮೇಲೆ 1000 ಚಿನ್ನದ ನಾಣ್ಯಗಳ ದಂಡ ಬೀಳುತ್ತದೆಂಬುದನ್ನು ನಾನು ಪೇಟೆಯ ಹತ್ತಿರವೇ ಕೀಲಿಯೊಂದನ್ನು ತಪ್ಪಿ ಒತ್ತಿ ಕಲಿತೆ.

ಈ ಪಡೆಯ ಧಾರ್ಮಿಕ ತಿರುಳು ಇರುವುದು ಶಕ್ತಿಯಲ್ಲಲ್ಲ, ಕೋಡ್ಲಾಕ್‌ನ ಭಯದಲ್ಲಿ. ಸ್ಕೈರಿಮ್ ನಾಡಿನ ನಾರ್ಡ್ ಜನರ ಯೋಧ ಸತ್ತ ಮೇಲೆ ಹೋಗಬೇಕಾದದ್ದು ಸೋವನ್‌ಗಾರ್ಡ್‌ಗೆ, ಎಂದರೆ ಇವರ ವಲ್ಹಲ್ಲಾಕ್ಕೆ, ವೀರಸ್ವರ್ಗಕ್ಕೆ. ಆದರೆ ತೋಳದ ರಕ್ತ ಕುಡಿದವನ ಆತ್ಮ ಬೇಟೆಯ ಒಡೆಯ ಹರ್ಸೀನ್‌ನ ಪಾಲಾಗುತ್ತದೆ. ನೂರಾರು ವರ್ಷಗಳ ಹಿಂದೆ ಗ್ಲೆನ್‌ಮೋರಿಲ್ ಮಾಟಗಾತಿಯರೊಡನೆ ಮಾಡಿಕೊಂಡ ಒಪ್ಪಂದವನ್ನು ಮುರಿಯಲು ಆ ಮುದುಕ ಪಡುವ ಪಾಡು, ಕೊನೆಗೆ ಪಡೆಯ ಮೂಲಪುರುಷ ಇಸ್ಗ್ರಮೋರ್‌ನ ಸಮಾಧಿಯಲ್ಲಿ ಮಾಟಗಾತಿಯ ತಲೆಯನ್ನು ಬೆಂಕಿಗೆ ಹಾಕಿದಾಗ ಅವನ ಪ್ರೇತದೊಳಗಿಂದ ಹೊರಬೀಳುವ ತೋಳದ ಆತ್ಮ, ಇವೆಲ್ಲ ಆಟದಲ್ಲಿ ನಾನು ಕಂಡ ಅತ್ಯುತ್ತಮ ಗಳಿಗೆಗಳು. ಅದೇ ಪಡೆಯ ಏಲಾ ಮಾತ್ರ ಹರ್ಸೀನ್‌ನ ಕಾಡಿನಲ್ಲಿ ಅನಂತಕಾಲ ಬೇಟೆಯಾಡುವುದಕ್ಕಿಂತ ಬೇರೆ ಸ್ವರ್ಗ ಬೇಡ ಎನ್ನುತ್ತಾಳೆ. ಒಂದೇ ಸೂರಿನ ಕೆಳಗಿನ ಈ ಎರಡು ನಂಬಿಕೆಗಳಲ್ಲಿ ಆಟ ಯಾವುದನ್ನೂ ತಪ್ಪೆಂದು ತೀರ್ಮಾನಿಸುವುದಿಲ್ಲ.

ಗ್ರೇಬಿಯರ್ಡ್ಸ್ ಕೇಳುವುದು ತಾಳ್ಮೆಯನ್ನು. ಆಟದ ನಾಡಿನ ಅತಿ ಎತ್ತರದ ಪರ್ವತದಲ್ಲಿರುವ ಹೈ ಹ್ರೋತ್‌ಗಾರ್ ಮಠಕ್ಕೆ ಐವರ್‌ಸ್ಟೆಡ್ ಹಳ್ಳಿಯಿಂದ ಏಳು ಸಾವಿರ ಮೆಟ್ಟಿಲುಗಳೆಂದು ಪ್ರತೀತಿ. ಆಟದಲ್ಲಿ ಅಷ್ಟಿಲ್ಲ, ಆದರೆ ಹಿಮಗಾಳಿಯಲ್ಲಿ ಹತ್ತುವವನಿಗೆ ಎಣಿಸುವ ಚಿತ್ತವೂ ಇರುವುದಿಲ್ಲ. ಕೆಳಗೆ ಸೇತುವೆಯ ಬಳಿ ಕ್ಲಿಮೆಕ್ ಎಂಬವನು ಮಠಕ್ಕೆ ಕೊಡಬೇಕಾದ ದಿನಸಿಯ ಚೀಲವನ್ನು ಒಪ್ಪಿಸುತ್ತಾನೆ, ಅದನ್ನು ಮಠದ ಬಾಗಿಲ ಮುಂದಿನ ಪೆಟ್ಟಿಗೆಯಲ್ಲಿ ಹಾಕಬೇಕು. ದಾರಿಯಲ್ಲಿ ಕೆತ್ತಿದ ಹತ್ತು ಶಿಲಾಫಲಕಗಳಿವೆ. ಮೊದಲ ಆಟದಲ್ಲಿ ಅವುಗಳ ಪಕ್ಕದಿಂದಲೇ ಓಡಿಹೋಗಿದ್ದೆ. ಈ ಸಲ ಒಂದೊಂದರ ಮುಂದೂ ನಿಂತು ಓದಿದೆ. ಹತ್ತನೆಯದು ಮುಗಿದಾಗ, ಒಂದು ದಿನದ ಮಟ್ಟಿಗೆ ಕಾಡುಮೃಗಗಳು ಮೈಮೇಲೆ ಬೀಳದ ವರವೊಂದು ಸದ್ದಿಲ್ಲದೆ ಸಿಕ್ಕಿತು. ಯಾರೂ ಹೇಳಿರಲಿಲ್ಲ, ಯಾರೂ ಹೊಗಳಲೂ ಇಲ್ಲ. ಯಾತ್ರೆ ಎನ್ನುವುದನ್ನು ಇಷ್ಟು ಅರಿತು ಮಾಡಿದ ಆಟವನ್ನು ನಾನು ಬೇರೆ ಕಂಡಿಲ್ಲ. ದಾರಿಯಲ್ಲಿನ ಹಿಮದೈತ್ಯ ಮಾತ್ರ ಆ ಯಾತ್ರಿಕನನ್ನು ಎರಡು ಸಲ ಕೊಂದಿತ್ತು, ಅದು ಬೇರೆ ಮಾತು.

ಮಠದಲ್ಲಿರುವವರು ನಾಲ್ವರು, ಬಾಯಿಬಿಟ್ಟು ಮಾತಾಡುವವನು ಆರ್ನ್‌ಗೇರ್ ಒಬ್ಬನೇ. ಡ್ರ್ಯಾಗನ್ ಭಾಷೆಯ ಪದಗಳನ್ನು ಘೋಷಿಸಿ ಶಕ್ತಿ ಹೊರಡಿಸುವುದು ಇವರ ವಿದ್ಯೆ; ಉಳಿದವರು ಪಿಸುಗುಟ್ಟಿದರೂ ಕಟ್ಟಡ ನಡುಗುತ್ತದೆ. ಇವರ ಮೂಲಪುರುಷ ಯೂರ್ಗೆನ್ ವಿಂಡ್‌ಕಾಲರ್. ರೆಡ್ ಮೌಂಟನ್‌ನ ಯುದ್ಧದಲ್ಲಾದ ನಾರ್ಡ್ ಜನರ ಸೋಲಿಗೆ ಕಾರಣ ಹುಡುಕುತ್ತ ಏಳು ವರ್ಷ ಧ್ಯಾನಿಸಿ, ಧ್ವನಿಯ ಶಕ್ತಿಯನ್ನು ಗೆಲುವಿನ ಹೆಮ್ಮೆಗೆ ಬಳಸಿದ್ದೇ ದೇವತೆಗಳ ಮುನಿಸಿಗೆ ಕಾರಣವೆಂದು ಕಂಡುಕೊಂಡವನು. ಸಿದ್ಧಾಂತ ಸುಂದರವಾಗಿದೆ, ಆದರೆ ಅದರ ಸೋಲೂ ಕಣ್ಣೆದುರಿಗಿದೆ: ಇದೇ ಮಠದಲ್ಲಿ ಎಳವೆಯಲ್ಲಿ ಕಲಿತ ಉಲ್ಫ್ರಿಕ್, ಮಹಾಯುದ್ಧದ ಕರೆಗೆ ಮಠ ಬಿಟ್ಟಿಳಿದವನು, ಮುಂದೆ ಅದೇ ಧ್ವನಿಯನ್ನು ದೊರೆ ಟೋರಿಗ್‌ನ ಮೇಲೆ ಬಳಸಿ ದೇಶವನ್ನು ಅಂತರ್ಯುದ್ಧಕ್ಕೆ ನೂಕಿದ. ಡ್ರ್ಯಾಗನ್‌ಗಳನ್ನು ನೆಲಕ್ಕಿಳಿಸುವ ಘೋಷವನ್ನು ಕೇಳಲು ನಾನು ಹೋದಾಗ ಆರ್ನ್‌ಗೇರ್ ಸಿಟ್ಟಿಗೆದ್ದು, ಸಹಾಯ ಮಾಡುವುದಿಲ್ಲ ಎಂದು ಬೆನ್ನು ತಿರುಗಿಸಿದ. ಆಗ ಐನಾರ್ತ್ ಅವನಿಗೆ ಡ್ರ್ಯಾಗನ್ ಭಾಷೆಯಲ್ಲಿ ಎರಡು ಮಾತು ಗದರಿದ, ಗೋಡೆ ಅದುರಿತು, ಆರ್ನ್‌ಗೇರ್ ತಿರುಗಿ ಬಂದು ಕ್ಷಮೆ ಕೇಳಿದ. ಮೌನಿಗಳಲ್ಲೂ ಜಗಳವಿದೆ ಎಂದು ತಿಳಿದ ಮೇಲೆ ನನಗೆ ಆ ಮಠದ ಮೇಲೆ ವಿಶ್ವಾಸ ಹೆಚ್ಚಿತು.

ಬ್ಲೇಡ್ಸ್ ಕುರಿತು ಹೆಚ್ಚು ಬರೆಯಲು ಮನಸ್ಸಿಲ್ಲ. ದೂರದ ಖಂಡ ಅಕವಿರ್‌ನಿಂದ ಬಂದ ಡ್ರ್ಯಾಗನ್ ಬೇಟೆಗಾರರ ಸಂತತಿ, ಒಂದು ಕಾಲಕ್ಕೆ ಚಕ್ರವರ್ತಿಗಳ ಕಾವಲು ಪಡೆ. ಕತ್ತಿ, ಕವಚಗಳ ರೂಪ ಜಪಾನಿನ ಸಮುರಾಯ್‌ಗಳನ್ನು ನೆನಪಿಸುತ್ತದೆಯೇ ಹೊರತು ನಾರ್ಸ್‌ಗೂ ಇವರಿಗೂ ಸಂಬಂಧವಿಲ್ಲ. ಈಗ ಉಳಿದಿರುವವರು ಹೋಟೆಲು ನಡೆಸುವ ವೇಷದಲ್ಲಿದ್ದ ಡೆಲ್ಫೀನ್, ರಿಫ್ಟನ್‌ನ ಚರಂಡಿಯಲ್ಲಿ ಅಡಗಿದ್ದ ಎಸ್ಬರ್ನ್. ಸ್ಕೈ ಹೇವನ್ ದೇಗುಲದಲ್ಲಿನ, ಜಗತ್ತನ್ನೇ ನುಂಗಬಂದ ಡ್ರ್ಯಾಗನ್ ಆಲ್ದುಯಿನ್‌ನ ಗೋಡೆ ನೋಡಲೇಬೇಕಾದದ್ದು. ಎಸ್ಬರ್ನ್ ದೀವಟಿಗೆ ಹಿಡಿದು ಕೆತ್ತನೆಯನ್ನು ಓದುತ್ತ ಹೋಗುವುದು ಒಳ್ಳೆಯ ಪ್ರಾಧ್ಯಾಪಕರ ಪಾಠದಂತಿದೆ. ಆಮೇಲೆ ಅವರು ಬೆಲೆ ಹೇಳುತ್ತಾರೆ: ಶಿಖರದ ಮೇಲಿರುವ ಗ್ರೇಬಿಯರ್ಡ್ಸ್‌ರ ಗುರು, ಮುದಿ ಡ್ರ್ಯಾಗನ್ ಪಾರ್ಥರ್ನಾಕ್ಸ್‌ನನ್ನು ಕೊಲ್ಲಬೇಕು, ಇಲ್ಲದಿದ್ದರೆ ನಮ್ಮ ನೆರವಿಲ್ಲ. ಅವನು ಒಮ್ಮೆ ಆಲ್ದುಯಿನ್‌ನ ಬಲಗೈಯಾಗಿ ಕ್ರೌರ್ಯ ಎಸಗಿದ್ದು ನಿಜ. ಆದರೆ ಮನುಷ್ಯರಿಗೆ ಧ್ವನಿವಿದ್ಯೆ ಕಲಿಸಿ ಆಲ್ದುಯಿನ್‌ಗೆ ಎದುರು ನಿಂತವನೂ ಅವನೇ, ನನಗೆ ಅಗ್ನಿಯ ಪದವನ್ನು ಕಲಿಸಿದವನೂ ಅವನೇ. ಕಲಿಸಿದವರ ಕುತ್ತಿಗೆಯನ್ನು ಸೇರ್ಪಡೆಯ ಶುಲ್ಕವಾಗಿ ಕೇಳುವ ಪಂಥದಲ್ಲಿ ನಾನು ನಿಲ್ಲಲಿಲ್ಲ. ಕುತೂಹಲಕ್ಕೆಂದು ಬೇರೊಂದು ಸೇವ್‌ನಲ್ಲಿ ಅವನನ್ನು ಕೊಂದೂ ನೋಡಿದೆ. ಮಠದವರು ಮುಖ ತಿರುಗಿಸಿದರು, ಬ್ಲೇಡ್ಸ್ ಕೊಟ್ಟದ್ದು ಮತ್ತಷ್ಟು ಡ್ರ್ಯಾಗನ್ ಬೇಟೆಯ ಕೆಲಸವನ್ನು.

ಡಾನ್‌ಗಾರ್ಡ್ ನನ್ನ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಕಣಿವೆಯ ದಾರಿಯಲ್ಲೇ ಆಗ್ಮೇರ್ ಎಂಬ ಹಳ್ಳಿಯ ಹುಡುಗ ಸಿಕ್ಕಿ, ಒಬ್ಬನೇ ಹೋಗಲು ಅಳುಕಾಗುತ್ತದೆ, ಜೊತೆಗೆ ಬರಲೇ ಎಂದು ಕೇಳುತ್ತಾನೆ. ಅವನಿಗೆ ಹೊಡೆದಾಡಿ ಗೊತ್ತಿರುವುದು ಅಪ್ಪನ ಕೊಡಲಿಯಲ್ಲಿ. ಡಾನ್‌ಗಾರ್ಡ್ ಕೋಟೆಯ ಒಡೆಯ ಇಸ್ರಾನ್, ಹಿಂದೆ ಸ್ಟೆಂಡಾರ್ ದೇವರ ಹೆಸರಿನ ವಿಜಿಲೆಂಟ್ ಪಂಥದಲ್ಲಿದ್ದು, ಅವರು ಸಾಲದೆಂದು ಹೊರಬಂದವನು. ಆ ವಿಜಿಲೆಂಟ್‌ಗಳ ಭವನ ರಕ್ತಪಿಶಾಚಿಗಳ ದಾಳಿಯಲ್ಲಿ ಸುಟ್ಟುಹೋದದ್ದು ಅವನ ಮಾತಿಗೆ ಸಾಕ್ಷಿಯಾದರೂ, ಅವನು ಅದನ್ನು ಹೇಳುವ ರೀತಿಯಲ್ಲಿ ದುಃಖಕ್ಕಿಂತ ಹಟವೇ ಹೆಚ್ಚು. ಅವನಿಗೆ ಯಾರ ಮೇಲೂ ನಂಬಿಕೆಯಿಲ್ಲ: ನಾನು ಊರೂರು ಅಲೆದು ಕರೆತಂದ ಸೊರೀನ್, ಗುನ್ಮಾರ್ ಇಬ್ಬರನ್ನೂ ಬಾಗಿಲಲ್ಲೇ ಬಂಧಿಸಿ, ಬಿಸಿಲಿನಂಥ ಬೆಳಕು ಹಾಯಿಸಿ ಪರೀಕ್ಷಿಸಿದ ಮೇಲೆಯೇ ಒಳಗೆ ಬಿಟ್ಟ.

ಇದು ಕೇಳುವುದು ದುಡಿಮೆಯನ್ನು. ಒಬ್ಬೊಬ್ಬರನ್ನಾಗಿ ಕರೆತಂದಂತೆ ಕೋಟೆ ತುಂಬುತ್ತದೆ, ಕುಲುಮೆ ಹೊತ್ತಿಕೊಳ್ಳುತ್ತದೆ, ಕವಚ ತೊಟ್ಟ ದೈತ್ಯಮೃಗಗಳು ಬಂದು ನಿಲ್ಲುತ್ತವೆ. ನಾನು ಸೇರಿದ್ದರಿಂದ ಪಂಥವೇ ಬೆಳೆಯಿತು ಎಂಬ ಭಾವ ಬೇರೆಲ್ಲೂ ಬರಲಿಲ್ಲ. ಇಲ್ಲಿ ಕೊಡುವ ಅಡ್ಡಬಿಲ್ಲಿಗೆ ಬಾಣ ತುಂಬುವುದು ನಿಧಾನ, ಆದರೆ ತಾಗಿದರೆ ಶತ್ರು ಎಷ್ಟೋ ಸಲ ತತ್ತರಿಸುತ್ತಾನೆ. ಇಲ್ಲಿನ ದೋಷವನ್ನೂ ಹೇಳಬೇಕು. ಈ ಕಥೆ ಶುರುವಾದ ಮೇಲೆ ರಕ್ತಪಿಶಾಚಿಗಳು ರಾತ್ರಿ ಊರುಗಳಿಗೆ ನುಗ್ಗುತ್ತವೆ, ಅಂಗಡಿಯವರು ಕೈಯಲ್ಲಿ ಚೂರಿ ಹಿಡಿದು ಎದುರಿಗೆ ಓಡಿ ಸಾಯುತ್ತಾರೆ. ನಾನು ನಿತ್ಯ ಸಾಮಾನು ಮಾರುತ್ತಿದ್ದ ಅಂಗಡಿಯೊಂದು ಹೀಗೆಯೇ ಬಾಗಿಲು ಹಾಕಿತು. ಇನ್ನು ಧರ್ಮದ ವಿಷಯಕ್ಕೆ ಬಂದರೆ, ಆರ್ಕೇ ದೇವರು ತನ್ನೊಡನೆ ನೇರವಾಗಿ ಮಾತಾಡುತ್ತಾನೆನ್ನುವ ಅರ್ಚಕ ಫ್ಲೊರೆಂಟಿಯಸ್‌ನನ್ನು ಕಂಡರೆ ಇಸ್ರಾನ್‌ಗೆ ಆಗದು, ಆದರೂ ಕೆಲಸಕ್ಕೆ ಬೇಕು. ರಕ್ತಪಿಶಾಚಿಯಾದ ಸೆರಾನಾ ಕೂಡ ಅಷ್ಟೇ: ಬೈಯುತ್ತಲೇ ಸೇರಿಸಿಕೊಳ್ಳುತ್ತಾನೆ. ಬ್ಲೇಡ್ಸ್‌ಗೆ ಸಾಧ್ಯವಾಗದ ಈ ಅನಿವಾರ್ಯದ ಔದಾರ್ಯವೇ ನನ್ನನ್ನು ಅಲ್ಲಿ ಕೊನೆಯವರೆಗೆ ಉಳಿಸಿತು.

ಹೊಸಬರು ಕೇಳಿದರೆ ಮೊದಲು ಹೈ ಹ್ರೋತ್‌ಗಾರ್ ಹತ್ತಿ, ಆಮೇಲೆ ಡಾನ್‌ಗಾರ್ಡ್ ಸೇರಿ ಎನ್ನುತ್ತೇನೆ. ಕಂಪ್ಯಾನಿಯನ್ಸ್‌ನ ಮೋಹ ಮಾತ್ರ ನನಗೆ ಇನ್ನೂ ಬಿಟ್ಟಿಲ್ಲ. ಈಗ ಆಡುತ್ತಿರುವ ನಾಲ್ಕನೆಯ ಪಾತ್ರ ಪಡೆಗೆ ಸೇರಿ, ಗರಡಿಯಲ್ಲಿ ಹೊಡೆದಾಡಿ, ಗುರಾಣಿ ಹೊತ್ತು, ಗುಹೆಯ ಬಾಗಿಲವರೆಗೆ ಬಂದು ನಿಂತಿದ್ದಾನೆ. ಒಳವಲಯದ ಸ್ಕ್ಯೋರ್ ಕಾಯುತ್ತಿದ್ದಾನೆ, ಬೋಗುಣಿ ತುಂಬಿಲ್ಲ. ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಆ ಒಂದು ಸಾಲು ಆಟದ ಲೆಕ್ಕದಲ್ಲಿ ಎರಡು ವರ್ಷಗಳಿಂದ ಹಾಗೆಯೇ ಉಳಿದಿದೆ.